ಹರಡಿದ ಸ್ಥಿತಿ

ಡಿಸೆಂಬರ್ 2, ಸೋಮವಾರ

ಮಳೆಗೆ ಇಂದು ಮೂರನೆಯ ದಿನ. ಬಂಗಾಳ ಕೊಲ್ಲಿಯ ಚಂಡಮಾರುತ ಎಂದು ರೇಡಿಯೊ ಹೇಳಿತು. ಶಿವಮೊಗ್ಗದ ವಿದ್ಯಾನಗರದ ನಮ್ಮ ಅಡ್ಡರಸ್ತೆಯಲ್ಲಿ ನೀರು ನಿಂತು ಹಾಲಿನವನು ಬರಲಿಲ್ಲ. ಭತ್ತ ಕೊಯ್ಯುವ ತಿಂಗಳಲ್ಲಿ ಇಂಥ ಮಳೆಯನ್ನು ನಾನು ಕಂಡದ್ದು ಇದೂ ಸೇರಿ ಮೂರು ಸಲ.

ಮಧ್ಯಾಹ್ನ ಭದ್ರಾವತಿಯಿಂದ ಲೋಹಿತ್ ಎಂಬುವನು ಫೋನ್ ಮಾಡಿದ. ಬೆಳೆ ವಿಮೆ ಕಂಪನಿಗೆ ನಷ್ಟ ಅಂದಾಜು ಮಾಡುವವರನ್ನು ಒದಗಿಸುವ ಏಜೆನ್ಸಿಯೊಂದಿದೆ. ಅದರ ತಾಲ್ಲೂಕು ಸಂಯೋಜಕ. ನನ್ನ ಹೆಸರು ಯಾರೋ ಹೇಳಿದರಂತೆ. "ಸರ್, ಕೃಷಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಅಂದ್ರೆ ಸುಮ್ನೇನಾ? ನಿಮ್ಮಂಥೋರು ಗದ್ದೆಗೆ ಇಳಿದ್ರೆ ಯಾರೂ ಎದುರು ಮಾತಾಡಲ್ಲ" ಎಂದ. ಒಪ್ಪಿದೆ. ನಿವೃತ್ತನಾಗಿ ಮೂರು ವರ್ಷ. ಈ ಮೂರು ವರ್ಷದಲ್ಲಿ ನನ್ನ ಅನುಭವ ಬೇಕು ಎಂದವನು ಇವನೊಬ್ಬನೇ.

ಹೆಂಡತಿ ಜಹಾನಾರಾ ಹೇಳಿದ್ದು: "ಅರವತ್ತಮೂರು ವರ್ಷದ ಮನುಷ್ಯನನ್ನು ಕರೆದು ಕೆಸರು ತುಳಿ ಅಂದಿದ್ದಾರೆ. ಮುಖ ನೋಡಿದರೆ ಮದುವೆ ಗಂಡು." ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಕನ್ನಡಕ್ಕೆ ಇಳಿಸುವಾಗ ಅವಳ ಚುಚ್ಚು ಸ್ವಲ್ಪ ಮೊಂಡಾಗುತ್ತದೆ. ಅನುವಾದಗಳನ್ನು ಓದುವವನು ಈ ಮಟ್ಟಿಗಿನ ನಷ್ಟವನ್ನು ಒಪ್ಪಿಕೊಂಡಿರುತ್ತಾನೆ.

ಈ ಪುಸ್ತಕ ಇಂದು ಶುರು ಮಾಡಿದ್ದಕ್ಕೆ ಕಾರಣ: ಫಾರಂನಲ್ಲಿ ಹಿಡಿಸದ ಸಂಗತಿಗಳು ಇರುತ್ತವೆ. ಅವಕ್ಕೆ ಎಲ್ಲಾದರೂ ಜಾಗ ಬೇಕು.

ಡಿಸೆಂಬರ್ 5, ಗುರುವಾರ

ಹುಣಸೆಕೊಪ್ಪ. ಭದ್ರಾವತಿಯಿಂದ ಹದಿನಾಲ್ಕು ಕಿಲೋಮೀಟರ್, ಭದ್ರಾ ನಾಲೆಯ ಕೊನೆಯ ತೂಬಿನ ಊರು. ಜೊತೆಗೆ ಇಲಾಖೆಯ ಪರವಾಗಿ ಅನುಷಾ. ಹೊಸದಾಗಿ ಸೇರಿದ ಕೃಷಿ ಅಧಿಕಾರಿ. ಗದ್ದೆಯಲ್ಲಿ ಜಂಟಿ ತನಿಖೆ ಆಗಬೇಕು, ನಮ್ಮಿಬ್ಬರದೂ ರೈತರದೂ ಸಹಿ ಬೇಕು. ಅದು ನಿಯಮ.

ಆರು ಗದ್ದೆ ನೋಡಿದೆವು. ಐದರ ವಿಷಯ ಫಾರಂನಲ್ಲೇ ಇದೆ. ಆರನೆಯದು ಪದ್ಮಮ್ಮನವರದು.

ಗದ್ದೆ ಒಂದು ಎಕರೆ ಹತ್ತು ಗುಂಟೆ. ಎರಡು ಕಡೆ ಅಡಿಕೆ ಸಸಿಯ ಹೊಸ ತೋಟ ಬಂದು, ನಡುವೆ ಇದೊಂದೇ ಭತ್ತದ ತುಂಡಾಗಿ ಉಳಿದಿದೆ. ಗಂಡ ತೀರಿ ಎಂಟು ವರ್ಷ. ಎರಡು ಹಸು. ಕೊಯ್ಲು ಯಂತ್ರದ ಹುಲ್ಲನ್ನು ಹಸು ಮೂಸುವುದಿಲ್ಲವೆಂದು ಇವರು ಈಗಲೂ ಆಳು ಹಚ್ಚಿ ಕೈಯಲ್ಲೇ ಕೊಯ್ಸುತ್ತಾರೆ. ನವೆಂಬರ್ 27ಕ್ಕೆ ಕೊಯ್ದು, ಗದ್ದೆಯಲ್ಲೇ ಹರಡಿ ಒಣಗಲು ಬಿಟ್ಟಿದ್ದರು. 30ರ ಸಂಜೆ ಮೋಡ ಕಂಡು, ಇನ್ನೂ ಮೂವರು ಹೆಂಗಸರನ್ನು ಕರೆದು ಅಷ್ಟನ್ನೂ ಎತ್ತಿ ಮೆದೆ ಒಟ್ಟಿದ್ದಾರೆ.

ನನ್ನನ್ನು ಕಂಡ ಕೂಡಲೇ, "ಸಾರ್, ನೀವು ಫಕ್ರುದ್ದೀನ್ ಸಾಹೇಬ್ರಲ್ವಾ?" ಎಂದರು. ಹೌದೆಂದೆ. "ಜೀವ ಬಂತು ನೋಡಿ. ಯಾರೋ ಗೊತ್ತಿಲ್ದೋರು ಪ್ಯಾಂಟು ಮಡಚ್ಕೊಂಡು ಬರ್ತಾರೆ ಅಂತ ಹೆದ್ರಿದ್ದೆ."

ಮೆದೆಯನ್ನು ಸುತ್ತಿ ನೋಡಿದೆ. ಒಟ್ಟಿದ ಕ್ರಮದಲ್ಲಿ ಒಂದು ತಪ್ಪಿಲ್ಲ. ಅಡಿಗೆ ಹಳೆ ಹುಲ್ಲು, ತೆನೆ ಒಳಕ್ಕೆ, ಬುಡ ಹೊರಕ್ಕೆ, ನೆತ್ತಿ ಚೂಪಾಗಿ. ಒಂದು ದಿನದ ಮಳೆಯಾಗಿದ್ದರೆ ಒಂದು ಕಾಳೂ ಕೆಡುತ್ತಿರಲಿಲ್ಲ. ಮೂರು ದಿನ ಹೊಡೆಯಿತು. ಟಾರ್ಪಾಲು ಅರ್ಧಕ್ಕೆ ಮಾತ್ರ ಸಾಕಾಯಿತು. ನಾಲೆ ಉಕ್ಕಿ ಗದ್ದೆಯಲ್ಲಿ ಮೊಣಕಾಲು ನೀರು ನಿಂತಿತು. ಬುಡ ನೆನೆದು ಮೆದೆ ಒಳಗೊಳಗೇ ಕಾವು ಹಿಡಿದಿದೆ. ಮೊಣಕೈವರೆಗೆ ಕೈ ಹಾಕಿದೆ. ಸುಡುವಷ್ಟು ಬಿಸಿ. ಹೊರತೆಗೆದ ಮುಷ್ಟಿಯಲ್ಲಿ ಪ್ರತಿ ಕಾಳಿಗೂ ಬಿಳಿಯ ಮೊಳಕೆ, ಅರ್ಧ ಸೆಂಟಿಮೀಟರ್. ವಾಸನೆ ಹುಳಿ ಬಂದ ಹಿಟ್ಟಿನದು. ನನ್ನ ಅಂದಾಜು: ಶೇಕಡಾ ಎಂಬತ್ತು ನಷ್ಟ.

"ನೀವು ಹೇಳ್ಕೊಟ್ಟ ಹಂಗೇ ಒಟ್ಟಿದ್ದು ಸಾರ್" ಎಂದರು ಪದ್ಮಮ್ಮ. "ಸ್ಕೂಲ್ ಮುಂದೆ ಬಂದು ನೀವೇ ಶರ್ಟು ತೋಳು ಮಡಚಿ ಒಟ್ಟಿ ತೋರಿಸಿದ್ರಲ್ಲ. ತೆನೆ ತಾಯಿ ಮಡಿಲು ನೋಡ್ಬೇಕು, ಬುಡ ಆಕಾಶ ನೋಡ್ಬೇಕು ಅಂತ. ನನ್ ಮದ್ವೆಯಾದ ವರ್ಷ ಅದು."

ನೆನಪಿದೆ. 2008ರ ನವೆಂಬರ್, ಹುಣಸೆಕೊಪ್ಪ ಶಾಲೆಯ ಅಂಗಳ. ಆ ವರ್ಷ ಅಕಾಲ ಮಳೆಯಾಗಿ ಹರಡಿದ ಭತ್ತ ಗದ್ದೆಯಲ್ಲೇ ಕೊಳೆತಿತ್ತು. ಮುಂದಿನ ಮಳೆಗಾದರೂ ಜನ ಕಲಿಯಲಿ ಎಂದು ಹನ್ನೊಂದು ಊರಿನಲ್ಲಿ ಮೆದೆ ಒಟ್ಟಿ ತೋರಿಸಿದೆ. 'ಮೋಡ ಕಂಡರೆ ಕೊಯ್ದ ಬೆಳೆಯನ್ನು ಗದ್ದೆಯಲ್ಲಿ ಬಿಡಬೇಡಿ' ಎಂದು ಒಂದು ಹಾಳೆಯ ಕರಪತ್ರವನ್ನೂ ಬರೆದು ಹಂಚಿದ್ದೆ. ಸೇವೆಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಉಪಯೋಗಕ್ಕೆ ಬಂದದ್ದು ಎಂದರೆ ಅದು.

ಅನುಷಾ ಮೊಬೈಲ್ ಹಿಡಿದು ನಿಂತಿದ್ದಳು. "ಸರ್, ಕಾಲಂ ಆರು. ಹರಡಿದ ಸ್ಥಿತಿ, ಒಟ್ಟಿದ ಸ್ಥಿತಿ. ಯಾವ್ದಕ್ಕೆ ಟಿಕ್ ಹಾಕ್ಲಿ?"

"ಖಾಲಿ ಬಿಡಿ."

"ಖಾಲಿ ಬಿಟ್ರೆ ಆ್ಯಪ್ ಮುಂದಕ್ಕೆ ಹೋಗಲ್ಲ ಸರ್."

ವಿಷಯ ಇದು. ಕೊಯ್ದ ಬೆಳೆಗೆ ಹದಿನಾಲ್ಕು ದಿನ ವಿಮೆಯ ರಕ್ಷಣೆ ಇದೆ. ಆದರೆ ಗದ್ದೆಯಲ್ಲಿ ಹರಡಿ ಒಣಗಲು ಬಿಟ್ಟಿದ್ದರೆ ಮಾತ್ರ. ಒಟ್ಟಿದರೆ ಅದು ಸಂಗ್ರಹ. ಸಂಗ್ರಹಕ್ಕೆ ವಿಮೆ ಇಲ್ಲ. ನನಗೆ ಕೊಟ್ಟ ಸೂಚನೆಯ ಹಾಳೆಯಲ್ಲಿ ಇದು ನಾಲ್ಕನೆಯ ಅಂಶ. ಓದಿದ್ದೆ. ಓದುವಾಗ ಅದಕ್ಕೆ ಮುಖ ಇರಲಿಲ್ಲ.

ಬರುವಾಗ ಪದ್ಮಮ್ಮ ಗದ್ದೆಯಂಚಿನ ತೆವರಿನವರೆಗೆ ಬಂದರು. "ವಿಮೆ ಬಂದ್ರೆ ಬೇಸಿಗೆ ಬೆಳೆ ಇಡ್ತೀನಿ ಸಾರ್. ಇಲ್ಲಾಂದ್ರೆ ಗದ್ದೆ ಅಡಿಕೆಯೋರಿಗೆ ಬಿಟ್ಟುಕೊಡೋದೇ. ಎರಡು ಕಡೆಯಿಂದ್ಲೂ ಕೇಳ್ತಾ ಇದಾರೆ." ನೋಡುತ್ತೇನೆ ಎಂದೆ.

ಡಿಸೆಂಬರ್ 6, ಶುಕ್ರವಾರ

ಜುಮ್ಮಾ ನಮಾಜನ್ನು ಭದ್ರಾವತಿಯಲ್ಲೇ ಮುಗಿಸಿ ಲೋಹಿತನ ಆಫೀಸಿಗೆ ಹೋದೆ. ಟೈರ್ ಅಂಗಡಿಯ ಮೇಲಿನ ಒಂದು ಕೋಣೆ. ಪದ್ಮಮ್ಮನವರ ವಿಷಯ ಹೇಳಿದೆ. ಪೂರ್ತಿ ಕೇಳಿದ. ಒರಟ ಅಲ್ಲ ಹುಡುಗ.

"ಪಾಪ ಅನ್ಸತ್ತೆ ಸರ್. ಆದ್ರೆ ಪಾಲಿಸಿ ಮೆದೆಗೆ ಇಲ್ವಲ್ಲ. ಹರಡಿದ ಸ್ಥಿತಿ ಅಂತ ಬರೀತೀರಾ, ಫೋಟೋದಲ್ಲಿ ಮೆದೆ ಬೆಟ್ಟದ ಹಂಗೆ ಕಾಣತ್ತೆ. ಆಮೇಲೆ ನಿಮ್ಮದೂ ನನ್ನದೂ ಹೆಸರು ಮೇಲಕ್ಕೆ ಹೋಗತ್ತೆ."

"ಸುಳ್ಳು ಬರೆಯುತ್ತೇನೆ ಎಂದಿಲ್ಲ" ಎಂದೆ. "ಏನಾಯಿತೋ ಅದನ್ನು ಬರೆಯಲು ಜಾಗ ಬೇಕು."

"ಷರಾ ಕಾಲಂ ಇದೆಯಲ್ಲ ಸರ್. ಅಲ್ಲಿ ಎಷ್ಟು ಬೇಕಾದ್ರೂ ಬರೀರಿ."

ಎಷ್ಟು ಬೇಕಾದರೂ ಅಲ್ಲ, ನೂರೈವತ್ತು ಅಕ್ಷರ. ಮೊದಲು ಏಳು ಸಾಲು ಬರೆದೆ: ಮೋಡ ಕಂಡದ್ದು, ಇಲಾಖೆಯ ಸಲಹೆ, ನಾಲೆ ಉಕ್ಕಿದ್ದು, ಮೆದೆ ಶಾಸ್ತ್ರೋಕ್ತವಾಗಿ ಒಟ್ಟಿದ್ದು, ಕಾವು. ಹಿಡಿಸಲಿಲ್ಲ. ಇಲಾಖೆಯ ಸಲಹೆ ತೆಗೆದೆ. ಮೋಡ ತೆಗೆದೆ. ಕಡೆಗೆ ಉಳಿದದ್ದು: 'ಮುಂಜಾಗ್ರತೆಯಿಂದ ಒಟ್ಟಲಾಗಿದೆ. ನೀರು ನಿಂತು ಬುಡ ನೆನೆದಿದೆ. ನಷ್ಟ ಶೇ. 80. ಸಹಾನುಭೂತಿಯಿಂದ ಪರಿಗಣಿಸಬಹುದು.' ಅದನ್ನು ಸೇರಿಸಿ, ಕಾಲಂ ಆರರಲ್ಲಿ 'ಒಟ್ಟಿದ ಸ್ಥಿತಿ' ಒತ್ತಿದೆ. ಕೂಡಲೇ ಮೇಲ್ಗಡೆ ಕೆಂಪಕ್ಷರದಲ್ಲಿ 'ಅರ್ಹವಲ್ಲ' ಎಂದು ಬಂತು. ಷರಾವನ್ನು ಯಾರೂ ಓದುವ ಮೊದಲೇ.

ಗ್ರಂಥಾಲಯದಿಂದ ತಂದ ಕಾದಂಬರಿ ಮುಂದೆ ಸಾಗಿಲ್ಲ. ಹಿಮದ ದೇಶದ ಯಾವುದೋ ರೈಲು ನಿಲ್ದಾಣದ ಗುಮಾಸ್ತನ ಕಥೆ. 112ನೆಯ ಪುಟದಲ್ಲಿ ಅವನು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಾನೆ. ಮೂರು ದಿನದಿಂದ ಕೊಡುತ್ತಲೇ ಇದ್ದಾನೆ.

ಡಿಸೆಂಬರ್ 9, ಸೋಮವಾರ

ಮತ್ತೆ ಹುಣಸೆಕೊಪ್ಪ. ಶಿವಶಂಕರಪ್ಪನವರ ಗದ್ದೆ, ಪದ್ಮಮ್ಮನವರ ಗದ್ದೆಯಿಂದ ಮೂರನೆಯದು. ಎಪ್ಪತ್ತು ವರ್ಷದ ಹಿರಿಯರು. ಕೊಯ್ಸಿ ಹರಡಿ, ಮಗಳ ಮನೆಯ ಗೃಹಪ್ರವೇಶವೆಂದು ದಾವಣಗೆರೆಗೆ ಹೋಗಿ ಐದು ದಿನ ಕೂತರಂತೆ. ಭತ್ತ ಬಿದ್ದಲ್ಲೇ ಕೊಳೆತಿದೆ. ಹರಡಿದ ಸ್ಥಿತಿ. ಅರ್ಹ.

ಹೇಳಿದಾಗ ಅವರು ಪದ್ಮಮ್ಮನವರ ಗದ್ದೆಯ ಕಡೆ ತಿರುಗಿದರು. "ಅಲ್ಲ ಸಾಬ್ರೇ, ನಾನು ಹೋಳಿಗೆ ತಿಂದ್ಕೊಂಡು ಕೂತಿದ್ದಕ್ಕೆ ನನಗೆ ಬರತ್ತೆ. ಆ ಹೆಣ್ಣುಮಗಳು ಸೊಂಟ ಮುರ್ಕೊಂಡು ಒಟ್ಟಿದ್ದಕ್ಕೆ ಅವಳಿಗೆ ಇಲ್ಲ."

"ನಿಯಮ ಹಾಗಿದೆ ಯಜಮಾನರೇ."

"ಯಾವ ಮಾರಾಯ ಮಾಡಿದ ನಿಯಮ ಇದು? ಗದ್ದೆ ಕಂಡೋನಾ?"

ಅನುಷಾಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡಳು. ನಾನು ಸಹಿ ಹಾಕಿಸಿಕೊಂಡೆ. ಪದ್ಮಮ್ಮ ದೂರದಲ್ಲಿ ಮೆದೆ ಬಿಚ್ಚಿ ಕೆಟ್ಟ ಹುಲ್ಲನ್ನು ತಿಪ್ಪೆಗೆ ಹೊರುತ್ತಿದ್ದರು. ಕೈ ಮಾಡಿದರು. ನಾನೂ ಕೈ ಎತ್ತಿದೆ.

ಡಿಸೆಂಬರ್ 14, ಶನಿವಾರ

ಹನ್ನೊಂದು ಗದ್ದೆ. ಏಳು ಹರಡಿದ್ದು, ನಾಲ್ಕು ಒಟ್ಟಿದ್ದು. ಕಾಲಿನ ಬೆರಳ ಸಂದಿಯಲ್ಲಿ ಕೆಸರು ಹುಣ್ಣು.

ಡಿಸೆಂಬರ್ 23, ಸೋಮವಾರ

ಈ ಸುತ್ತು ಮುಗಿಯಿತು. ನೂರ ಹದಿನೆಂಟು ವರದಿ. ಉಳಿದವರ ವರದಿಗಳಲ್ಲಿ ಹತ್ತಕ್ಕೆ ಎರಡು ಆಕ್ಷೇಪಣೆ ಬಿದ್ದು ವಾಪಸ್ ಬಂದಿವೆ. ನನ್ನದರಲ್ಲಿ ಒಂದೂ ಇಲ್ಲ. ಲೋಹಿತ್ ಎಲ್ಲರ ಮುಂದೆ ಹೇಳಿದ: "ವರದಿ ಹೆಂಗಿರಬೇಕು ಅಂದ್ರೆ ಫಕ್ರುದ್ದೀನ್ ಸರ್ ಹತ್ರ ನೋಡ್ಕೊಳಿ. ಷರಾ ಎರಡು ಪದ. ಖಡಕ್."

ನಿಜ. ಮೊದಲ ವಾರ ನಾನು ಷರಾದಲ್ಲಿ ಬೇಡದ್ದನ್ನು ಬರೆಯುತ್ತಿದ್ದೆ.

ಜನವರಿ 20, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಪದ್ಮಮ್ಮ ಮನೆಗೆ ಬಂದರು. ಬಸ್ಸಿಳಿದು ಮುಖ್ಯರಸ್ತೆಯಿಂದ ಕೇಳಿಕೊಂಡು ಕೇಳಿಕೊಂಡು ನಡೆದು ಬಂದಿದ್ದಾರೆ. ಮೊಬೈಲಿಗೆ ಬಂದ ಸಂದೇಶ ತೋರಿಸಿದರು. 'ನಿಮ್ಮ ಅರ್ಜಿ ತಿರಸ್ಕೃತ. ಕಾರಣ: ಒಟ್ಟಿದ ಸ್ಥಿತಿ.'

ಜಹಾನಾರಾ ಚಹಾ ಮಾಡಿ ಕೊಟ್ಟಳು. ಇಬ್ಬರೂ ಹಸುವಿನ ಮಾತಾಡಿದರು. ಒಂದು ಹಸು ಮಾರಿ ಬೇಸಿಗೆಯ ಸಸಿ ಮಡಿ ಹಾಕಿದ್ದಾರಂತೆ. ಗದ್ದೆಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

"ಜಿಲ್ಲಾ ಸಮಿತಿಗೆ ದೂರು ಕೊಟ್ಟಿದ್ದೀನಿ ಸಾರ್. ಮುಂದಿನ ತಿಂಗಳು ಕರೀತಾರಂತೆ. ನಿಮ್ಮನ್ನೂ ಕರೀತಾರೆ. ನೀವು ಒಂದು ಮಾತು ಹೇಳಿದ್ರೆ ಸಾಕು. ಇಲಾಖೆಯೋರೇ ಒಟ್ಟಿ ಅಂತ ಕಲಿಸಿದ್ದು, ಅದಕ್ಕೇ ಒಟ್ಟಿದ್ದಾಳೆ ಅಂತ. ನಾನು ಹೇಳಿದ್ರೆ ಹೆಂಗಸು ಏನೋ ಹೇಳ್ತಾಳೆ ಅಂತಾರೆ. ನೀವು ಹೇಳಿದ್ರೆ ಬರ್ಕೊತಾರೆ."

ಕರೆದರೆ ಬರುತ್ತೇನೆ ಎಂದೆ.

ಅವರು ಹೋದ ಮೇಲೆ ಅಟ್ಟದ ಟ್ರಂಕು ಇಳಿಸಿದೆ. ಕರಪತ್ರ ಸಿಕ್ಕಿತು. ಹಳದಿ ಕಾಗದ, ಮೆದೆಯ ರೇಖಾಚಿತ್ರ, ಚಿತ್ರವೂ ನನ್ನದೇ. ವಾಕ್ಯಗಳು ಚೆನ್ನಾಗಿವೆ. 'ಒಂದು ಸಂಜೆಯ ಶ್ರಮ ಒಂದು ವರ್ಷದ ಅನ್ನವನ್ನು ಉಳಿಸುತ್ತದೆ.' ಈಗಾದರೆ ಇಷ್ಟು ಖಚಿತವಾಗಿ ಬರೆಯಲಾರೆನೇನೋ.

ಜಹಾನಾರಾ ಕೇಳಿದಳು: "ಹೇಳುತ್ತೀರಲ್ಲ?"

"ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ."

"ನಾನು ಕೇಳಿದ್ದು ಅದಲ್ಲ" ಎಂದು ಒಳಗೆ ಹೋದಳು.

ಫೆಬ್ರವರಿ 11, ಮಂಗಳವಾರ

ನಾಳೆ ಸಮಿತಿ. ಲೋಹಿತ್ ಫೋನ್ ಮಾಡಿದ್ದ. "ಏನೂ ಟೆನ್ಶನ್ ಇಲ್ಲ ಸರ್. ನಿಮ್ಮ ವರದಿ ಕ್ಲೀನ್ ಇದೆ. ಏನು ಕೇಳ್ತಾರೋ ಅಷ್ಟು ಹೇಳಿ ಬನ್ನಿ. ಬೇಸಿಗೆ ಸುತ್ತಿಗೆ ಇಡೀ ತಾಲ್ಲೂಕಿನ ಮೇಲ್ವಿಚಾರಣೆ ನಿಮಗೇ ಅಂತ ಬರೆದು ಕಳ್ಸಿದ್ದೀನಿ." ಎರಡೂ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದ. ಒಂದಕ್ಕೊಂದು ಸಂಬಂಧ ಇರಲಿಕ್ಕಿಲ್ಲ.

ಕರಪತ್ರವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ.

ಫೆಬ್ರವರಿ 12, ಬುಧವಾರ

ಶಿವಮೊಗ್ಗದಲ್ಲಿ ಸಮಿತಿಯ ವಿಚಾರಣೆ. ಹದಿನೇಳು ದೂರು. ಈ ದೂರು ಒಂಬತ್ತನೆಯದು.

ನನಗೆ ಕೇಳಿದ ಪ್ರಶ್ನೆಗಳು, ಇದ್ದ ಹಾಗೆ:

ತನಿಖೆಯ ದಿನ ಬೆಳೆ ಒಟ್ಟಿದ ಸ್ಥಿತಿಯಲ್ಲಿತ್ತೆ? ಇತ್ತು.

ಫೋಟೋ ಅದೇ ಗದ್ದೆಯದೆ? ಅದೇ ಗದ್ದೆಯದು.

ಆಗ ಅರ್ಜಿದಾರರು ಎದ್ದು ನಿಂತರು. "ಇವ್ರೇ ಸಾರ್ ನಮಗೆ ಕಲಿಸಿದ್ದು. ಇವ್ರನ್ನೇ ಕೇಳಿ" ಎಂದರು. ಬೆರಳು ತೋರಿಸಲಿಲ್ಲ, ಬರೀ ನನ್ನ ಕಡೆ ತಿರುಗಿದರು. ಅಧ್ಯಕ್ಷರು ನನ್ನನ್ನು ನೋಡಿ, "ಇಲಾಖೆ ಹಾಗೆ ಸಲಹೆ ಕೊಟ್ಟ ಬಗ್ಗೆ ದಾಖಲೆ ಏನಾದರೂ ಇದೆಯೆ?" ಎಂದರು.

ಪ್ರಶ್ನೆ ದಾಖಲೆಯ ಬಗ್ಗೆ. ದಾಖಲೆ ಎಂದರೆ ಹೊರಹೋಗುವ ಪತ್ರಗಳ ವಹಿಯ ಸಂಖ್ಯೆ, ದಿನಾಂಕ, ಸಹಿ ಇರುವ ಕಾಗದ. ಕರಪತ್ರದಲ್ಲಿ ಮೂರೂ ಇಲ್ಲ. ಅದನ್ನು ನಾನೇ ಬರೆದು ನಾನೇ ಅಚ್ಚು ಹಾಕಿಸಿದ್ದು. ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಒಪ್ಪಿದ್ದರು, ಅಷ್ಟೆ. ಹಾಗಾಗಿ "ದಾಖಲೆ ಇಲ್ಲ ಸರ್" ಎಂದೆ. ಆ ಉತ್ತರದಲ್ಲಿ ತಪ್ಪು ಹುಡುಕಲಾಗದು.

ದೂರು ವಜಾ. ಮೂರೂವರೆ ನಿಮಿಷ ಹಿಡಿಯಿತು.

ಹೊರಗೆ ಮೆಟ್ಟಿಲ ಮೇಲೆ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಬೈಯಬಹುದು ಎಂದುಕೊಂಡೆ. "ನಿಮಗೆ ನೆನಪಿಲ್ವೇನೋ ಸಾರ್. ತುಂಬಾ ವರ್ಷ ಆಯ್ತಲ್ಲ" ಎಂದರು. ಅಷ್ಟೇ. ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಗಮನಿಸಿ ಕೇಳಿದೆ.

ಜಹಾನಾರಾ ಏನನ್ನೂ ಕೇಳಲಿಲ್ಲ. ನಾನೇ ಹೇಳಿದೆ. ಊಟ ಬಡಿಸಿ ಪಕ್ಕದ ಮನೆಗೆ ಹೋದಳು.

ಫೆಬ್ರವರಿ 15, ಶನಿವಾರ

ಕಾದಂಬರಿಯನ್ನು ಓದದೆ ವಾಪಸ್ ಮಾಡಿದೆ. ಅನುವಾದ ಸಡಿಲ ಎನಿಸಿತು.

ಮಾರ್ಚ್ 19, ಬುಧವಾರ

ಹುಣಸೆಕೊಪ್ಪ ಸಮುದಾಯ ಭವನದಲ್ಲಿ ರೈತರಿಗೆ ವಿಮೆಯ ನಿಯಮ ತಿಳಿಸುವ ಸಭೆ. ಬೇಸಿಗೆ ಭತ್ತಕ್ಕೆ ನೋಂದಣಿ ಮುಗಿದಿದೆ. ತಾಲ್ಲೂಕು ಮೇಲ್ವಿಚಾರಕನಾಗಿ ನಾನೇ ಮಾತಾಡಬೇಕಿತ್ತು. ರಂಜಾನ್ ತಿಂಗಳ ರೋಜಾ ಇದ್ದುದರಿಂದ ಗಂಟಲು ಒಣಗಿತ್ತು, ಆದರೂ ನಲವತ್ತು ನಿಮಿಷ ಮಾತಾಡಿದೆ. ಎಷ್ಟೋ ವರ್ಷದ ಮೇಲೆ ಅಷ್ಟು ಜನರ ಮುಂದೆ ನಿಂತದ್ದು. ಅರವತ್ತರ ಮೇಲೆ ಜನ ಇದ್ದರು.

ಕಳೆದ ಸಲದ ತಕರಾರುಗಳೆಲ್ಲ ಒಂದೇ ಕಾರಣಕ್ಕೆ ಆದವು; ಅದನ್ನೇ ಒತ್ತಿ ಹೇಳಿದೆ. ಕೊಯ್ದದ್ದನ್ನು ಮುಟ್ಟಬೇಡಿ. ಮಳೆ ಬಂದರೂ ಹರಡಿದ ಹಾಗೇ ಇರಲಿ. ಎಪ್ಪತ್ತೆರಡು ಗಂಟೆಯೊಳಗೆ ಫೋನ್ ಮಾಡಿ. ನಾನು ಬಂದು ನೋಡುವವರೆಗೆ ಒಂದು ಕಂತೆಯನ್ನೂ ಎತ್ತಬೇಡಿ.

ಶಿವಶಂಕರಪ್ಪ ಎದ್ದರು. "ಸಾಬ್ರೇ, ಅಂದ್ರೆ ಕಣ್ಣೆದುರಿಗೆ ನೆನೀತಾ ಇದ್ರೂ ಕೈ ಕಟ್ಕೊಂಡು ನೋಡ್ಬೇಕಾ?"

"ವಿಮೆ ಬೇಕು ಅಂದರೆ ಹೌದು."

"ಅನ್ನ ಬೇಕು ಅಂದ್ರೆ?"

ಕೆಲವರು ನಕ್ಕರು. ಎರಡನ್ನೂ ಒಟ್ಟಿಗೆ ಕೇಳಿದರೆ ಎರಡೂ ಸಿಗುವುದಿಲ್ಲ, ಕಳೆದ ಸಲ ನೋಡಿದ್ದೀರಲ್ಲ ಎಂದೆ. ನಗು ನಿಂತಿತು. ಪದ್ಮಮ್ಮ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದರು. ಯಾರದೋ ಮಗುವಿನ ನೋಟ್‌ಬುಕ್ಕು ಇಸಿದುಕೊಂಡು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಅಷ್ಟು ಗಮನವಿಟ್ಟು ಕೇಳಿದವರು ಬೇರೆ ಇರಲಿಲ್ಲ.

ಬರುವಾಗ ಜೀಪಿನಲ್ಲಿ ಅನುಷಾ, "ಸರ್, ಇಲಾಖೆಯವಳಾಗಿ ನಾನು ಇದನ್ನ ಹೇಳ್ಬಹುದಾ? ಬೆಳೆ ನೆನೆಯೋಕೆ ಬಿಡಿ ಅಂತ?" ಎಂದು ಕೇಳಿದಳು. ಹೇಳಿದ್ದು ನಾನು, ನೀವಲ್ಲ ಎಂದೆ. ಚಿಕ್ಕವಳು. ಇನ್ನೂ ಅನುಭವ ಆಗಬೇಕು.

ಒಳ್ಳೆಯ ಸಭೆ.

ಮೇ 17, ಶನಿವಾರ

ಮುಂಗಾರು ಈ ವರ್ಷ ಬೇಗ ಎನ್ನುತ್ತಿದ್ದಾರೆ. ತಾಲ್ಲೂಕಿನಲ್ಲಿ ಕೊಯ್ಲು ಅರ್ಧ ಮುಗಿದಿದೆ. ಲೋಹಿತ್ ಹೊಸ ಆ್ಯಪ್ ಹಾಕಿಕೊಟ್ಟ. ಷರಾ ಕಾಲಂ ತೆಗೆದುಹಾಕಿದ್ದಾರೆ. ಕೆಲಸ ಬೇಗ ಸಾಗುತ್ತದೆ.

ಮೇ 20, ಮಂಗಳವಾರ

ಮಧ್ಯಾಹ್ನ ಮೂರಕ್ಕೆ ಪದ್ಮಮ್ಮನವರ ಫೋನು. ಹಿಂದೆ ಗಾಳಿಯ ಸದ್ದು, ಹೆಂಗಸರ ಮಾತು ಕೇಳುತ್ತಿತ್ತು.

"ಸಾರ್, ಮೊನ್ನೆ ಕೊಯ್ದು ಹರಡಿದ್ದೀನಿ. ಕಲ್ಲತ್ತಿಗಿರಿ ಕಡೆಯಿಂದ ಮೋಡ ಕಪ್ಪಗೆ ಬರ್ತಾ ಇದೆ. ಐದು ಜನ ಆಳು ಇಲ್ಲೇ ಇದಾರೆ. ಈ ಸಲ ಟಾರ್ಪಾಲೂ ದೊಡ್ಡದು ತಂದಿದ್ದೀನಿ, ದಿಬ್ಬದ ಮೇಲೆ ಜಾಗ ಮಾಡಿದ್ದೀನಿ. ಇನ್ನೊಂದು ಗಂಟೆ ಟೈಮಿದೆ. ಒಟ್ಟಲಾ, ಬಿಡಲಾ?"

ವಿಮೆ ಮಾಡಿಸಿದ್ದೀರಾ ಎಂದು ಕೇಳಿದೆ. ಮಾಡಿಸಿದ್ದಾರೆ. ಕೊಯ್ದು ಎರಡು ದಿನ, ಹದಿನಾಲ್ಕರ ಒಳಗಿದೆ. ಎಲ್ಲ ಸರಿಯಾಗಿದೆ.

"ಬಿಡಿ" ಎಂದೆ.

"ಪೂರ್ತಿ ಬಿಡಲಾ ಸಾರ್? ಮನೆ ಖರ್ಚಿಗೆ ಅಂತ ಒಂದು ನಾಲ್ಕು ಹೊರೆ ಎತ್ಕೊಳ್ಳಲಾ?"

"ಎತ್ತಿದರೆ ಫೋಟೋದಲ್ಲಿ ಖಾಲಿ ಜಾಗ ಕಾಣುತ್ತದೆ. ಆಮೇಲೆ ಅವರು ಅದನ್ನೇ ಹಿಡಿಯುತ್ತಾರೆ. ಬಿಡಿ."

"ಆಯ್ತು ಸಾರ್. ನೀವು ಹೇಳಿದ ಹಂಗೆ" ಎಂದರು. ಆಳುಗಳಿಗೆ ಏನೋ ಹೇಳಿದ್ದು ಕೇಳಿಸಿತು. ಯಾರೋ ಹೆಂಗಸು, "ಹುಚ್ಚೇನೇ ನಿಂಗೆ ಮಾರಾಯ್ತಿ" ಎಂದಳು. ಫೋನ್ ಕಟ್ಟಾಯಿತು.

ಇಲ್ಲಿ ನಾಲ್ಕೂಕಾಲಿಗೆ ಮಳೆ ಶುರುವಾಯಿತು. ಕಳೆದ ಸಲದ ಹಾಗೆ ಆಗದಂತೆ ಅವರು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಮೇ 22, ಗುರುವಾರ

ಮಳೆ.

ಮೇ 26, ಸೋಮವಾರ

ಮಳೆ ಬಿಟ್ಟಿತು. ಹುಣಸೆಕೊಪ್ಪದಲ್ಲಿ ಒಂಬತ್ತು ತನಿಖೆ. ಎಂಟು ಹರಡಿದ ಸ್ಥಿತಿ. ಮಾರ್ಚ್ ಸಭೆಯ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ.

ಒಂದು ಮಾತ್ರ ಒಟ್ಟಿದ್ದು, ಶಿವಶಂಕರಪ್ಪನವರದು. ಎರಡು ಟಾರ್ಪಾಲು ಹೊದಿಸಿ ಎತ್ತರದಲ್ಲಿ ಒಟ್ಟಿದ್ದಾರೆ. ಒಂದು ಕಂತೆ ಎಳೆದು ನೋಡಿದೆ. ಕಾಳು ಒಣಗಿದೆ, ಹಲ್ಲಿನಲ್ಲಿ ಕಟ್ಟೆಂದು ಮುರಿಯಿತು. ನಷ್ಟ ಐದು ಪರ್ಸೆಂಟೂ ಇಲ್ಲ. ನಿಮಗೆ ಏನೂ ಬರುವುದಿಲ್ಲ ಎಂದೆ. "ಗೊತ್ತು. ನಿಮ್ಮನ್ನ ಕರೆದೋನು ನಾನಲ್ಲ, ಮೊಮ್ಮಗ ಫೋನ್ ಮಾಡಿದ್ದು" ಎಂದರು. "ಬೆಳಿಗ್ಗೆ ಪದ್ಮಮ್ಮನ ಮನೆಗೆ ಒಂದು ಚೀಲ ಭತ್ತ ಕಳ್ಸಿದ್ದೀನಿ. ಎರಡು ಬೆಳೆ ಬೆಳ್ದು ಸೊಸೈಟಿ ಅಕ್ಕಿ ಉಣ್ತಾ ಇದಾಳೆ." ನನಗೇಕೆ ಅದನ್ನು ಹೇಳಿದರೋ ತಿಳಿಯಲಿಲ್ಲ. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದವರು ಈ ಯಜಮಾನರೇ. ಆದರೂ ಹಳೆ ರೂಢಿ ಬಿಡಲಿಲ್ಲ.

ಅಲ್ಲಿಂದ ಒಂದು ಎಕರೆ ಹತ್ತು ಗುಂಟೆಯ ಗದ್ದೆಗೆ ಹೋದೆವು. ಅರ್ಜಿದಾರರು ತೆವರಿನ ಮೇಲೆ ಛತ್ರಿ ಮಡಚಿಟ್ಟುಕೊಂಡು ಕೂತಿದ್ದರು. ಆರು ದಿನದಿಂದ ಹೀಗೇ ಬಂದು ಕೂರುತ್ತಾರಂತೆ; ದನ ನುಗ್ಗಿ ಕಂತೆ ಕದಲಿದರೆ ಎತ್ತಿದ್ದಾಳೆ ಎಂದಾರು ಎಂಬ ಭಯ. ಹಸು ಒಂದೇ ಉಳಿದಿದೆ, ಅದರ ಹುಲ್ಲೂ ಹೋಯಿತು. ಟಾರ್ಪಾಲು ಮಡಿಕೆ ಬಿಚ್ಚದೆ ಪಕ್ಕದಲ್ಲಿತ್ತು. ಅನುಷಾ ಅದನ್ನು ನೋಡಿ ಮೊಬೈಲ್ ನನ್ನ ಕೈಗೆ ಕೊಟ್ಟು, ಫೋಟೋ ನೀವೇ ತೆಗೀರಿ ಸರ್ ಎಂದು ಜೀಪಿನ ಕಡೆ ನಡೆದಳು. ಜಂಟಿ ತನಿಖೆಯ ನಡುವೆ ಹಾಗೆ ಹೋಗುವುದು ಸರಿಯಲ್ಲ, ಆಮೇಲೆ ಹೇಳಿದೆ.

ಹರಡಿದ ಭತ್ತ ಮೂಲೆಯಿಂದ ಮೂಲೆಗೆ ಮೊಳೆತಿದೆ. ಮೊಳಕೆ ಹಸಿರಾಗಿ ಎರಡಂಗುಲ ಎದ್ದಿದೆ. ದೂರದಿಂದ ಹೊಸ ಸಸಿ ಮಡಿ ಎನ್ನಬಹುದು. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆದೆ. ಎಲ್ಲೂ ಖಾಲಿ ಜಾಗ ಇಲ್ಲ. ನಷ್ಟ ಶೇ. 100. ಹರಡಿದ ಸ್ಥಿತಿ. ಒತ್ತಿದ ಕೂಡಲೇ ಹಸಿರಕ್ಷರದಲ್ಲಿ 'ಅರ್ಹ' ಎಂದು ಬಂತು. ಅವರಿಗೂ ತೋರಿಸಿದೆ.

ಅವರು ಪರದೆಯನ್ನು ನೋಡಲಿಲ್ಲ. ಗದ್ದೆಯನ್ನು ನೋಡುತ್ತಿದ್ದರು.

"ಈ ಸಲ ಸರಿಯಾಗಿ ಬಿಟ್ಟಿದ್ದೀನಾ ಸಾರ್?" ಎಂದು ಕೇಳಿದರು.

ಇನ್ನೊಂದು ಸಲ ಸುತ್ತ ಕಣ್ಣಾಡಿಸಿದೆ. ಎಲ್ಲಿಯೂ ಒಂದು ಕಂತೆ ಕೂಡ ಎತ್ತಿದ ಗುರುತಿರಲಿಲ್ಲ.

ಸರಿಯಾಗಿದೆ ಎಂದೆ.